ವ್ಯಸನವೂ ಸಂಕಲ್ಪವೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಠದ ಜೋಳಿಗೆಯೆಂದರೆ ಜೋಳ, ಅಕ್ಕಿ, ಬೇಳೆ, ರೊಟ್ಟಿ ಬೀಳತಕ್ಕ ಚೀಲವೆಂಬದನ್ನು ಎಲ್ಲರೂ ಬಲ್ಲರು. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು ೧೯೭೫ರಿಂದ ಹಿಡಿದ ಜೋಳಿಗೆಯು ಬೇರೆ ತರಹದ್ದು. ಅವರು ಊರೂರು ತಿರುಗಿ, ಧಾನ್ಯವನ್ನು ಬೇಡದೆ, ಜನರ ದುಶ್ಚಟಗಳನ್ನು ಬೇಡಿದರು. ಕುಡಿಯುವವನು ಕುಡಿತವನ್ನು, ಬೀಡಿ ಸೇದುವವನು ಬೀಡಿಯನ್ನು, ತಂಬಾಕು ತಿನ್ನುವವನು ತಂಬಾಕನ್ನು ಆ ಚೀಲಕ್ಕೆ ಹಾಕಿ, ಇನ್ನು ಮುಟ್ಟುವುದಿಲ್ಲವೆಂದು ವಚನ ಕೊಡಬೇಕು, ಅದೇ ಭಿಕ್ಷೆ. ‘ಮಹಾಂತ ಜೋಳಿಗೆ’ಯೆಂದು ಈ ಕಾರ್ಯವು ನಾಡಿನಲ್ಲೆಲ್ಲ ಹೆಸರಾಯಿತು. ಪೂಜ್ಯರು ೨೦೧೮ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ ೧ನೆಯ ತಾರೀಖನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ.

ಹೀಗೆ ಗುರುಸನ್ನಿಧಿಯಲ್ಲಿ ವಚನ ಕೊಟ್ಟವರಲ್ಲಿ ಕೆಲವರು ಅದನ್ನು ಕಡೆತನಕ ನಡೆಸುವರು. ಕೆಲವರು ಎಂಟು ದಿನಕ್ಕೋ, ಜಾತ್ರೆ ಕಳೆದು ಒಂದು ತಿಂಗಳಿಗೋ, ಮರಳಿ ಅಂಗಡಿಯ ದಾರಿ ಹಿಡಿಯುವರು. ವ್ರತ ಹಿಡಿಸುವ ಯಾವ ಮತದಲ್ಲಿಯೂ, ಯಾವ ದೇಶದಲ್ಲಿಯೂ ಇದು ಕಂಡುಬರತಕ್ಕ ಸಂಗತಿಯೇ ಸರಿ. ಮರಳಿ ಹೋದವನನ್ನು ಕುರಿತು ಊರು ಆಡುವ ಮಾತು ಒಂದೇ: ‘ಗುರುವಿನ ಎದುರಿಗೆ ನಿಂತು ಸುಳ್ಳಾಡಿದ.’ ಹೆಂಡತಿಯೂ ಹಾಗೆಯೇ ತಿಳಿಯುವಳು. ಕೆಲವು ದಿನಗಳಲ್ಲಿ ಅವನೂ ತನ್ನನ್ನು ಹಾಗೆಯೇ ತಿಳಿದುಕೊಳ್ಳುವನು. ನಾಚಿಕೆಯಿಂದ ಮಠದ ಮೆಟ್ಟಿಲು ಹತ್ತುವುದನ್ನೇ ಬಿಡುವನು. ಈ ಹೊತ್ತು ವಿಚಾರಕ್ಕೆ ತೆಗೆದುಕೊಂಡ ಪ್ರಶ್ನೆಯು ಇದೇ: ಆ ಮನುಷ್ಯನು ವಚನ ಕೊಡುವಾಗ ಸುಳ್ಳಾಡಿದನೇ? ಕಳೆದ ಎಪ್ಪತ್ತು ವರುಷಗಳಿಂದ ಮೆದುಳನ್ನು ಕುರಿತು ನಡೆದ ಶೋಧಗಳನ್ನು ನೋಡಿದರೆ, ಇಲ್ಲವೆಂದೇ ಉತ್ತರ ಹೇಳಬೇಕಾಗುತ್ತದೆ. ಆದರೆ ಈ ಉತ್ತರವು ಅಗ್ಗದ ಸಮಾಧಾನವಲ್ಲ. ಅದರ ಬೆನ್ನಿಗೆ ಮನೆಯವರ ಮೇಲೂ ಊರವರ ಮೇಲೂ ಬೀಳುವ ಹೊಣೆಯುಂಟು. ಅದರಲ್ಲಿಯೂ ವ್ರತ ಹಿಡಿದ ಮೊದಲ ನಾಲ್ಕೈದು ದಿವಸಗಳಲ್ಲಿ ಒಂದು ಜೀವವನ್ನೇ ಉಳಿಸಿಕೊಳ್ಳುವ ಹೊಣೆಯುಂಟು.

ಮನುಷ್ಯನ ಮೆದುಳಿನ ತೂಕವು ಸುಮಾರು ೧.೪ ಕಿಲೋಗ್ರಾಂ. ಅದರಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆಯೆಂದು ಶಾಸ್ತ್ರಜ್ಞರು ಎಣಿಕೆ ಹಾಕಿದ್ದಾರೆ. ಒಂದು ಕೋಶವು ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವಲ್ಲಿ, ನಡುವೆ ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಒಂದು ಸಂದು ಇರುತ್ತದೆ. ಈಚೆಯ ಕೋಶವು ಆ ಸಂದಿನಲ್ಲಿ ಒಂದು ಬಗೆಯ ರಸವನ್ನು ಬಿಡುತ್ತದೆ; ಆಚೆಯ ಕೋಶದ ಮೇಲಿರುವ ಗ್ರಾಹಕಗಳು, ಬೀಗವು ತನ್ನ ಕೀಲಿಯನ್ನು ಮಾತ್ರ ಒಪ್ಪುವಂತೆ, ತಮಗೆ ತಕ್ಕ ರಸವನ್ನು ಹಿಡಿದುಕೊಳ್ಳುತ್ತವೆ. ನೋಡುವುದು, ನೆನೆಯುವುದು, ಅಳುವುದು, ಲಿಂಗಪೂಜೆಯಲ್ಲಿ ಮನಸ್ಸು ನಿಲ್ಲುವುದು, ಇವೆಲ್ಲಕ್ಕೂ ದೇಹದ ಕಡೆಯಿಂದ ಸಾಧನವಾಗಿರುವುದು ಈ ರಸಗಳ ವ್ಯವಹಾರವೇ. ಮಾದಕ ದ್ರವ್ಯಗಳು ಕೈ ಹಾಕುವುದೂ ಇಲ್ಲಿಯೇ. ಕೆಲವು ಕಳ್ಳಕೀಲಿಯಂತೆ ಬೀಗವನ್ನು ತೆರೆಯುತ್ತವೆ. ಕೆಲವು ರಸವನ್ನು ಮಿತಿಮೀರಿ ಹರಿಯಿಸುತ್ತವೆ. ಕೊಕೇನಿನಂಥವು ಹರಿದ ರಸವು ಹಿಂದಿರುಗದಂತೆ ಅಡ್ಡಗಟ್ಟುತ್ತವೆ.

ಗಸಗಸೆಯ ಕಾಯಿಯ ಹಾಲು ಗಟ್ಟಿಯಾಗಿ ಅಫೀಮಾಗುವುದು. ಹೊಲದ ಗಿಡವೊಂದರ ಹಾಲಿಗೆ ಮನುಷ್ಯನ ಮೆದುಳಿನಲ್ಲಿ ಬೀಗವಾದರೂ ಏಕಿರಬೇಕೆಂಬುದು ಬಹುಕಾಲದ ಸೋಜಿಗವಾಗಿತ್ತು. ೧೯೭೩ರಲ್ಲಿ ಅಮೇರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕ್ಯಾಂಡೇಸ್ ಪರ್ಟ್ ಮತ್ತು ಸಾಲಮನ್ ಸ್ನೈಡರ್ ಎಂಬವರು ಅಂಥ ಗ್ರಾಹಕಗಳು ಮೆದುಳಿನಲ್ಲಿ ಇದ್ದೇ ಇವೆಯೆಂದು ತೋರಿಸಿದರು; ಅದೇ ವರುಷ ನ್ಯೂಯಾರ್ಕಿನಲ್ಲಿಯೂ ಸ್ವೀಡನ್ ದೇಶದಲ್ಲಿಯೂ ಬೇರೆಯವರು ಇದನ್ನೇ ಕಂಡರು. ಎರಡು ವರುಷಗಳ ತರುವಾಯ, ೧೯೭೫ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನದಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಸ್ ಎಂಬವರು ಹಂದಿಯ ಮೆದುಳಿನಿಂದ ಒಂದು ವಸ್ತುವನ್ನು ಬೇರ್ಪಡಿಸಿದರು; ಅಫೀಮಿನ ಕೆಲಸವನ್ನೇ ಮಾಡುವ ಆ ವಸ್ತುವನ್ನು ಮೆದುಳು ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಬೀಗವು ಗಸಗಸೆಗಾಗಿ ಮಾಡಿದುದಲ್ಲ. ನೋವಿನಲ್ಲಿ ಜೀವಿಯು ತಾಳಿಕೊಳ್ಳಲೆಂದು ಮನೆಯ ಕೀಲಿಗಾಗಿಯೇ ಇದ್ದುದು. ಹೆರುವ ತಾಯಿಯ ದೇಹದಲ್ಲಿ ಈ ಜಾತಿಯ ರಸಗಳು ಏರುತ್ತವೆ. ಹೊರಗಿನ ಕೀಲಿಯು ದಿನವೂ ಬರುತ್ತಿದ್ದರೆ ಮೆದುಳು ಆ ದಾರಿಗಳ ಬಿರುಸನ್ನು ತಗ್ಗಿಸಿಕೊಳ್ಳುತ್ತದೆ. ಆಮೇಲೆ ಸಾಮಾನ್ಯವಾದ ನೆಮ್ಮದಿಗೂ ಹೊರಗಿನ ದ್ರವ್ಯವೇ ಬೇಕಾಗುವುದು.

ಇಷ್ಟರಿಂದ ಅಮಲಿನ ವಿಷಯ ತಿಳಿಯಿತು. ಹಂಬಲದ ವಿಷಯ ತಿಳಿಯಲಿಲ್ಲ. ಅದಕ್ಕೆ ಇನ್ನೊಂದು ಕಥೆಯಿದೆ. ೧೯೫೪ರಲ್ಲಿ ಕೆನಡಾ ದೇಶದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬವರು ಇಲಿಯ ಮೆದುಳಿನ ಆಳದ ಒಂದೆಡೆಯಲ್ಲಿ ಸಣ್ಣ ತಂತಿಯನ್ನಿಟ್ಟು, ಇಲಿಯು ಒಂದು ಸನ್ನೆಯನ್ನು ಒತ್ತಿದಾಗಲೆಲ್ಲ ಅಲ್ಲಿ ಕೊಂಚ ವಿದ್ಯುತ್ತು ಹರಿಯುವಂತೆ ಏರ್ಪಡಿಸಿದರು. ಇಂಥ ಪ್ರಯೋಗಗಳಲ್ಲಿ ಇಲಿಗಳು ಗಂಟೆಗೆ ಸಾವಿರಾರು ಸಲ ಸನ್ನೆಯನ್ನು ಒತ್ತುವುದೂ, ಹಸಿದಿದ್ದರೂ ಕೂಳನ್ನು ಬಿಟ್ಟು ಅದನ್ನೇ ಒತ್ತುವುದೂ ಕಂಡುಬಂದಿತು. ಇದು ಸುಖದ ನೆಲೆಯೆಂದು ಜನರು ಬಗೆದರು. ಈ ದಾರಿಗಳಲ್ಲಿ ಮುಖ್ಯವಾಗಿ ಹರಿಯುವ ರಸಕ್ಕೆ ಡೋಪಮೈನ್ ಎಂದು ಹೆಸರು.

ಆದರೆ ಸುಖದ ನೆಲೆಯೆಂಬ ಹೆಸರು ಜನರನ್ನು ಬಹುಕಾಲ ತಪ್ಪುದಾರಿಗೆ ಎಳೆಯಿತು. ಅಮೇರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಎಂಬ ಪಂಡಿತರು ೧೯೮೦ರ ದಶಕದ ಕೊನೆಯಿಂದ ಮಾಡಿದ ಪ್ರಯೋಗಗಳಲ್ಲಿ ವಿಚಿತ್ರವೊಂದು ತೋರಿಬಂದಿತು. ಡೋಪಮೈನ್ ಬಹುತೇಕ ಬರಿದಾದ ಇಲಿಯ ನಾಲಗೆಯ ಮೇಲೆ ಸಕ್ಕರೆಯ ನೀರು ಬಿಟ್ಟರೆ, ಅದು ಎಂದಿನಂತೆ ತುಟಿ ಸವರಿ ಮೆಚ್ಚಿಕೆಯನ್ನು ತೋರಿಸುವುದು. ಆದರೆ ಮೂತಿಯ ಮುಂದಿದ್ದ ಆಹಾರವನ್ನು ತಾನಾಗಿ ಹೋಗಿ ತಿನ್ನದು, ಹಾಗೆಯೇ ಬಿಟ್ಟರೆ ಹಸಿದು ಸಾಯುವುದು. ಅಂದರೆ ಮೆಚ್ಚುವುದು ಬೇರೆ, ಬಯಸುವುದು ಬೇರೆ. ಎರಡಕ್ಕೂ ಮೆದುಳಿನಲ್ಲಿ ದಾರಿಗಳೇ ಬೇರೆ. ವ್ಯಸನವು ಬಯಕೆಯ ದಾರಿಯನ್ನು ಉಬ್ಬಿಸುತ್ತದೆ, ಮೆಚ್ಚಿಕೆಯ ದಾರಿಯನ್ನು ಹಾಗೆ ಉಬ್ಬಿಸುವುದಿಲ್ಲ. ಹಳೆಯ ಕುಡುಕನೊಬ್ಬನು, ‘ಇದರಲ್ಲಿ ನನಗೆ ಸುಖವೇನೂ ಉಳಿದಿಲ್ಲ, ಆದರೂ ಬಿಡದು’ ಎಂದು ಹೇಳಿದರೆ ಕೇಳಿದವರು ನೆವವೆಂದು ನಗುವರು. ಅದು ನೆವವಲ್ಲ, ಶಾಸ್ತ್ರಜ್ಞರು ಮೂವತ್ತು ವರುಷ ಶ್ರಮಪಟ್ಟು ಕಂಡುದನ್ನು ಅವನು ತನ್ನ ದೇಹದಿಂದಲೇ ಬಲ್ಲನು.

ಇನ್ನೊಂದು ಸಂಗತಿಯು ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವಂಥದು. ಸ್ವಿಟ್ಜರ್ಲೆಂಡಿನಲ್ಲಿ ವೊಲ್ಫ್ರಾಮ್ ಶುಲ್ಟ್ಸ್ ಎಂಬವರು ೧೯೯೦ರ ದಶಕದಲ್ಲಿ ಮಂಗಗಳಿಗೆ ಹಣ್ಣಿನ ರಸವನ್ನು ಕೊಡುತ್ತ ಅವುಗಳ ಡೋಪಮೈನ್ ಕೋಶಗಳ ಮಿಡಿತವನ್ನು ಅಳೆದರು. ಮೊದಮೊದಲು ರಸವು ಬಾಯಿಗೆ ಬಿದ್ದಾಗ ಕೋಶಗಳು ಮಿಡಿದವು. ರಸ ಕೊಡುವುದಕ್ಕೆ ಮುಂಚೆ ದಿನವೂ ಒಂದು ಗುರುತನ್ನು ತೋರಿಸಲು, ಕೆಲವು ಕಾಲದಲ್ಲಿ ಆ ಮಿಡಿತವು ರಸವನ್ನು ಬಿಟ್ಟು ಗುರುತಿನ ಮೇಲೆಯೇ ನೆಲೆಸಿತು. ಗುರುತು ತೋರಿಸಿ ರಸ ಕೊಡದಿದ್ದರೆ, ರಸವು ಬರಬೇಕಾಗಿದ್ದ ಕ್ಷಣದಲ್ಲಿಯೇ ಮಿಡಿತವು ಕುಸಿಯಿತು. ಕುಡಿಯುವವನಿಗೆ ಆ ಗುರುತು ಯಾವುದು? ಶನಿವಾರದ ಬಟವಾಡೆ, ಸಂತೆಯ ದಾರಿಯ ತಿರುವು, ಗ್ಲಾಸು ತಾಗುವ ಸದ್ದು, ಒಬ್ಬ ಗೆಳೆಯನ ಕೂಗು, ಮನೆಯ ಜಗಳ. ೨೦೦೮ರಲ್ಲಿ ಪ್ರಕಟವಾದ ಅಮೇರಿಕದ ಒಂದು ಶೋಧದಲ್ಲಿ, ಕೊಕೇನ್ ವ್ಯಸನಿಗಳಿಗೆ ಆ ದ್ರವ್ಯದ ಚಿತ್ರವನ್ನು ಕ್ಷಣದ ಮೂವತ್ತನೆಯ ಒಂದು ಪಾಲಿನಷ್ಟು ಹೊತ್ತು ಮಾತ್ರ ತೋರಿಸಲಾಯಿತು. ತಾವು ಏನನ್ನೋ ಕಂಡೆವೆಂಬ ಅರಿವೂ ಅವರಿಗೆ ಉಂಟಾಗಲಿಲ್ಲ. ಆದರೂ ಮೆದುಳಿನಲ್ಲಿ ಬಯಕೆಯ ನೆಲೆಗಳು ಎಚ್ಚತ್ತವು. ಗುರುಸನ್ನಿಧಿಯಲ್ಲಿ ವಚನ ಕೊಡುವಾಗ ಈ ಗುರುತುಗಳೊಂದೂ ಎದುರಿಗಿರುವುದಿಲ್ಲ. ವಿಭೂತಿ, ಗಂಟೆ, ಭಕ್ತರ ಸಮೂಹ, ಮಡದಿಯ ಕಣ್ಣೀರು, ಇವು ಮಾತ್ರ ಇರುವುವು. ಅಲ್ಲಿ ಆಡಿದ ಮಾತು ಸತ್ಯವೇ. ಅದನ್ನು ಸಂಜೆ ಆರು ಗಂಟೆಗೆ ಆ ತಿರುವಿನಲ್ಲಿ ನಡೆಸಬೇಕಾದುದು ಮಾತ್ರ ಬೇರೆಯ ಕೆಲಸ.

ಹಂಬಲವನ್ನು ಹಿಡಿದು ನಿಲ್ಲಿಸುವ ಶಕ್ತಿಯು ಹಣೆಯ ಹಿಂದಿರುವ ಮೆದುಳಿನ ಮುಂಭಾಗದ್ದು. ಮುಂದಿನದನ್ನು ಎಣಿಸುವುದೂ, ಕೊಟ್ಟ ಮಾತನ್ನು ನೆನೆಯುವುದೂ ಅದರ ಕೆಲಸವೇ. ದೀರ್ಘಕಾಲದ ವ್ಯಸನವು ಕುಗ್ಗಿಸುವುದು ಈ ಭಾಗವನ್ನೇ. ಅದು ಪೂರ್ತಿ ಬಲಿಯುವುದು ಇಪ್ಪತ್ತೈದರ ಸುಮಾರಿಗಾದುದರಿಂದ, ಹದಿನೈದು ವರುಷದ ಹುಡುಗನ ಕೈಯಲ್ಲಿ ಗುಟಖಾದ ಚೀಟಿಯನ್ನು ಕಂಡು, ದೊಡ್ಡವನಾದ ಮೇಲೆ ಬಿಟ್ಟಾನೆಂದು ಸುಮ್ಮನಿರುವ ತಂದೆಯು ದೊಡ್ಡ ತಪ್ಪು ಮಾಡುತ್ತಾನೆ.

ತಂಬಾಕಿನ ಮಾತು ಬಂದುದರಿಂದ ಒಂದನ್ನು ಹೇಳಿ ಮುಂದರಿಯಬಹುದು. ನಿಪ್ಪಾಣಿಯ ಸೀಮೆಯಲ್ಲಿ ಬೆಳೆಯುವ ತಂಬಾಕು ಬೀಡಿಗೆ ಹೆಸರಾದದ್ದು. ಬೀಡಿಯ ಹೊಗೆಯೊಡನೆ ಎಳೆದ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ತಿನ್ನುವವನು ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕುವುದು ರುಚಿಗೆಂದು ಹೇಳುವುದುಂಟು. ವಾಸ್ತವವಾಗಿ ಸುಣ್ಣದ ಕ್ಷಾರದಿಂದ ನಿಕೋಟಿನ್ ಬಾಯಿಯ ತೊಗಲಿನ ಮೂಲಕ ಬೇಗನೆ ರಕ್ತಕ್ಕೆ ಇಳಿಯುತ್ತದೆ. ದ್ರವ್ಯವು ಎಷ್ಟು ಬೇಗ ಮುಟ್ಟುವುದೋ ವ್ಯಸನವು ಅಷ್ಟು ಬಿಗಿಯಾಗಿ ಹಿಡಿಯುವುದು. ರಸಾಯನಶಾಸ್ತ್ರವನ್ನು ಓದದವರೂ ಆ ಶಾಸ್ತ್ರದ ಈ ಒಂದು ಪಾಠವನ್ನು ಚೆನ್ನಾಗಿ ಕಲಿತಿದ್ದಾರೆ!

ಇನ್ನು ಮೊದಲು ಹೇಳಿದ ನಾಲ್ಕೈದು ದಿವಸಗಳ ಸಂಗತಿ. ತಾಯಂದಿರು ಇದನ್ನು ಲಕ್ಷ್ಯವಿಟ್ಟು ಕೇಳಬೇಕು. ಮೆದುಳಿನಲ್ಲಿ ಕೋಶಗಳನ್ನು ಹುರಿದುಂಬಿಸುವ ರಸಗಳೂ ಇವೆ, ಶಾಂತಗೊಳಿಸುವ ರಸಗಳೂ ಇವೆ. ಮದ್ಯವು ಶಾಂತಗೊಳಿಸುವ ರಸದ ಬಲವನ್ನು ಹೆಚ್ಚಿಸಿ, ಹುರಿದುಂಬಿಸುವ ರಸದ ಬಲವನ್ನು ತಗ್ಗಿಸುವುದು. ಚಕ್ಕಡಿಯ ಹಗ್ಗವನ್ನು ದಿನವೂ ಹಿಂದಕ್ಕೆ ಜಗ್ಗಿ ಹಿಡಿದರೆ, ಎತ್ತುಗಳು ಗಾಡಿ ನಿಲ್ಲಬಾರದೆಂದು ಹೆಚ್ಚು ಹೆಚ್ಚು ಬಲ ಹಾಕಿ ಎಳೆಯಲು ಕಲಿಯುತ್ತವೆ ಎಂದು ಇಟ್ಟುಕೊಳ್ಳಿರಿ. ಮೆದುಳೂ ಹಾಗೆಯೇ ಮಾಡುತ್ತದೆ. ಹಗ್ಗವೂ ಬಿಗಿಯಾಗಿದೆ, ಎಳೆತವೂ ಬಿಗಿಯಾಗಿದೆ, ಗಾಡಿಯು ನೆಟ್ಟಗೆ ಹೋಗುವಂತೆ ಕಾಣುತ್ತದೆ. ‘ಎಷ್ಟು ಕುಡಿದರೂ ತೊದಲುವುದಿಲ್ಲ, ಗಟ್ಟಿ ಆಳು’ ಎಂದು ಜನರು ಕೊಂಡಾಡುವುದು ಈ ಸ್ಥಿತಿಯನ್ನೇ. ಅದು ಗಟ್ಟಿತನವಲ್ಲ, ರೋಗವು ಬಲಿತ ಗುರುತು. ಒಂದು ದಿನ ಹಗ್ಗವನ್ನು ಒಮ್ಮೆಲೆ ಕೊಯ್ದರೆ ಎತ್ತುಗಳು ಏನು ಮಾಡುವುವು?

ಬಹುಕಾಲದಿಂದ ದಿನವೂ ಬಹಳವಾಗಿ ಕುಡಿದವನು ಒಮ್ಮೆಲೆ ನಿಲ್ಲಿಸಿದರೆ ಆರೆಂಟು ತಾಸುಗಳಲ್ಲಿಯೇ ಕೈ ನಡುಗುವುದು, ಬೆವರು, ಎದೆಬಡಿತ, ನಿದ್ರೆಗೇಡು ಮೊದಲಾಗುವುವು. ಮೊದಲೆರಡು ದಿನಗಳಲ್ಲಿ ಕೆಲವರಿಗೆ ಮೂರ್ಛೆಯ ಸೆಳವು ಬರುವುದುಂಟು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿಯೇ ಹಿಡಿಯುವುದು: ಜ್ವರವೇರುವುದು, ಗೋಡೆಯ ಮೇಲೆ ಹುಳುಗಳು ಹರಿದಂತೆ ಕಾಣುವುದು, ಇಲ್ಲದ ಜನರೊಡನೆ ಮಾತಾಡುವರು, ಮಗನ ಗುರುತು ಹತ್ತುವುದಿಲ್ಲ. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಆದವನಿಗೆ ಚಿಕಿತ್ಸೆಯಿಲ್ಲದಿದ್ದರೆ ಜೀವಕ್ಕೆ ಅಪಾಯ. ಇದನ್ನು ಕಂಡು ದೆವ್ವ ಹಿಡಿಯಿತೆಂದು ಹಗ್ಗ ಕಟ್ಟಿ ಕೂರಿಸುವುದೂ, ವ್ರತವು ಮೈಗೆ ಒಗ್ಗಲಿಲ್ಲವೆಂದು ಮರಳಿ ಕುಡಿಸುವುದೂ ಎರಡೂ ಕೇಡು. ಬೆಳಿಗ್ಗೆ ಎದ್ದೊಡನೆ ನಡುಕ ನಿಲ್ಲಿಸಲಿಕ್ಕೆ ಕುಡಿಯುವವನೂ, ಹಿಂದೆ ಬಿಟ್ಟಾಗ ಸೆಳವು ಬಂದವನೂ, ವಚನ ಕೊಡುವುದಕ್ಕೆ ಮುಂಚೆಯೇ ವೈದ್ಯರನ್ನು ಕಾಣತಕ್ಕದ್ದು. ಎತ್ತುಗಳನ್ನು ಮೆಲ್ಲನೆ ಸಮಾಧಾನಪಡಿಸಿ ಹಗ್ಗ ಸಡಿಲಿಸುವ ಔಷಧಗಳುಂಟು. ಕೆಲವೇ ದಿನಗಳ ಚಿಕಿತ್ಸೆ ಅದು. ಅದರೊಡನೆ ವೈದ್ಯರು ಬಿ-೧ ಎಂಬ ಜೀವಸತ್ವವನ್ನು ಚುಚ್ಚಿ ಕೊಡುವರು. ಊಟ ಬಿಟ್ಟು ಕುಡಿದವನಲ್ಲಿ ಅದು ಬರಿದಾಗಿರುವುದು; ಅದರ ಕೊರತೆಯಿಂದ ನೆನಪೇ ಶಾಶ್ವತವಾಗಿ ಅಳಿದುಹೋಗುವ ರೋಗವನ್ನು ರಶಿಯಾದ ಕೊರ್ಸಕೋಫ್ ಎಂಬ ವೈದ್ಯರ ಹೆಸರಿನಿಂದ ಕರೆಯುವರು. ಅಫೀಮಿನ ಜಾತಿಯ ದ್ರವ್ಯಗಳನ್ನು ಬಿಟ್ಟವನ ಸಂಕಟವು ನೋಡುವುದಕ್ಕೆ ಇದಕ್ಕಿಂತ ಘೋರವಾಗಿದ್ದರೂ ಆ ಸಂಕಟದಿಂದಲೇ ಸಾಯುವುದು ವಿರಳ. ಮನೆಮಾತಾದ ಸೆರೆಯೇ ಈ ವಿಷಯದಲ್ಲಿ ಹೆಚ್ಚು ಕ್ರೂರವಾದುದು.

ಇಲ್ಲಿ ಸಭಿಕರಲ್ಲಿ ಯಾರಾದರೂ ಆಕ್ಷೇಪಿಸಬಹುದು: ಎಲ್ಲವೂ ಮೆದುಳಿನ ಆಟವಾದರೆ, ಹೆಂಡತಿಯನ್ನು ಹೊಡೆದವನ, ಮಕ್ಕಳ ಫೀಯನ್ನು ಕುಡಿದವನ ತಪ್ಪೇ ಇಲ್ಲವೇ? ಈ ಆಕ್ಷೇಪವನ್ನು ತಳ್ಳಿಬಿಡಲಾಗದು. ಪೆಟ್ಟು ತಿಂದವಳಿಗೆ ಡೋಪಮೈನಿನ ಕಥೆಯನ್ನು ಹೇಳಿ ಸುಮ್ಮನಾಗಿಸುವುದು ಅನ್ಯಾಯ. ಸಿಹಿಮೂತ್ರದ ರೋಗಿಯು ರೋಗವನ್ನು ಬೇಡಿ ಪಡೆದವನಲ್ಲ. ಆದರೆ ಔಷಧ ತೆಗೆದುಕೊಳ್ಳುವ ಹೊಣೆಯು ಅವನದೇ. ವ್ಯಸನಕ್ಕೆ ಬೀಳುವ ಸಂಭವದಲ್ಲಿ ಸುಮಾರು ಅರ್ಧ ಪಾಲು ಹುಟ್ಟಿನಿಂದ ಬಂದುದೆಂದು ಕುಟುಂಬಗಳನ್ನು ಪರೀಕ್ಷಿಸಿದವರು ಹೇಳುತ್ತಾರೆ. ಉಳಿದುದು ಮನೆ, ಸಂಗ, ದುಃಖ, ದ್ರವ್ಯವು ಕೈಗೆ ಸಿಕ್ಕುವ ಸುಲಭತೆ. ಆದುದರಿಂದ ವ್ಯಸನಿಯು ಚಿಕಿತ್ಸೆಗೆ ಬರಬೇಕೆಂದು ಒತ್ತಾಯ ಮಾಡುವುದು ನ್ಯಾಯ. ಅವನಿಗೆ ಚಿಕಿತ್ಸೆಯೇ ಬೇಡ, ಛೀಮಾರಿ ಸಾಕೆನ್ನುವುದು ನ್ಯಾಯವಲ್ಲ, ಪ್ರಯೋಜನವೂ ಅಲ್ಲ.

ಸುತ್ತಲಿನ ಪರಿಸರವು ಎಷ್ಟು ಬಲವುಳ್ಳದ್ದೆಂಬದಕ್ಕೆ ವಿಯೆಟ್ನಾಂ ಯುದ್ಧವು ಸಾಕ್ಷಿ ಕೊಟ್ಟಿತು. ಅಲ್ಲಿದ್ದ ಅಮೇರಿಕದ ಸಿಪಾಯಿಗಳಲ್ಲಿ ಹೆರಾಯಿನ್ ಹಬ್ಬಿತ್ತು. ೧೯೭೧ರಲ್ಲಿ ತಾಯ್ನಾಡಿಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ವಿದುಷಿಯು ಬೆನ್ನುಹತ್ತಿ ವಿಚಾರಿಸಿದಳು. ಸುಮಾರು ಐವರಲ್ಲಿ ಒಬ್ಬನು ಅಲ್ಲಿ ತಾನು ವ್ಯಸನಿಯಾಗಿದ್ದೆನೆಂದು ಒಪ್ಪಿಕೊಂಡನು. ಅಂಥವರಲ್ಲಿ ಊರಿಗೆ ಬಂದ ಮೊದಲ ವರುಷ ಮರಳಿ ವ್ಯಸನಕ್ಕೆ ಬಿದ್ದವರು ನೂರಕ್ಕೆ ಸುಮಾರು ಐವರು ಮಾತ್ರ. ಕಾಡು, ಭಯ, ಸಂಗಾತಿ, ಅಗ್ಗದ ದ್ರವ್ಯ, ಈ ಗುರುತುಗಳೆಲ್ಲ ಸಮುದ್ರದಾಚೆ ಉಳಿದಿದ್ದವು. ಹಳ್ಳಿಯ ಕೂಲಿಕಾರನಿಗೆ ಈ ಅನುಕೂಲವಿಲ್ಲ. ಅವನು ವಚನ ಕೊಟ್ಟು ಮರಳುವುದು ಅದೇ ಓಣಿಗೆ. ಕರ್ನಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿಯನ್ನು ನಿಷೇಧಿಸಲಾಯಿತು. ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ, ಬಾಟಲಿಯ ಹೆಸರು ಬದಲಾಯಿತು.

ಹಾಗೆಂದು ನಿರಾಶೆಗೆ ಕಾರಣವಿಲ್ಲ. ಮೆದುಳು ಕಲಿತಂತೆ ಮರೆಯಲೂ ಬಲ್ಲದು, ಆದರೆ ಅದರ ಗಡುವು ಜಾತ್ರೆಯಿಂದ ಜಾತ್ರೆಗೆ ಎಂಬಷ್ಟು ದೀರ್ಘವಾದುದು. ಮೆಥಾಂಫೆಟಮಿನ್ ಎಂಬ ಉಗ್ರವಾದ ದ್ರವ್ಯದಿಂದ ಕೆಟ್ಟಿದ್ದ ಡೋಪಮೈನ್ ವ್ಯವಸ್ಥೆಯ ಒಂದು ಅಂಗವು ಹನ್ನೆರಡರಿಂದ ಹದಿನೇಳು ತಿಂಗಳು ಬಿಟ್ಟಿದ್ದವರಲ್ಲಿ ಗಣನೀಯವಾಗಿ ಸುಧಾರಿಸಿತ್ತೆಂದು ನೋರಾ ವೋಲ್ಕೋವ್ ಮತ್ತು ಸಂಗಡಿಗರು ೨೦೦೧ರಲ್ಲಿ ತೋರಿಸಿದರು. ಅಷ್ಟು ಕಾಲ ಸಂಕಲ್ಪವೊಂದನ್ನೇ ನೆಚ್ಚಿದರೆ ಸಾಲದು, ಕಾವಲು ಬೇಕು. ೧೯೩೫ರಲ್ಲಿ ಅಮೇರಿಕದಲ್ಲಿ ಇಬ್ಬರು ಕುಡುಕರು ಕೂಡಿ ಕಟ್ಟಿದ ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಎಂಬ ಕೂಟವು ಬಿಟ್ಟವರನ್ನು ಬಿಟ್ಟವರಿಂದಲೇ ಕಾಯಿಸುವ ಉಪಾಯ ಮಾಡಿತು. ಜೋಳಿಗೆಯ ಬಲವೂ ಇಲ್ಲಿಯೇ ಇದೆಯೆಂದು ತೋರುತ್ತದೆ: ಗುಟ್ಟಾಗಿದ್ದುದನ್ನು ಹತ್ತು ಜನರ ಮುಂದೆ ಹಾಕಿದವನನ್ನು ಹತ್ತು ಜನರು ವಿಚಾರಿಸಬಲ್ಲರು. ಆ ಹತ್ತು ಜನರು ಮರುದಿನವೇ ಮರೆತರೆ ಚೀಲ ಮಾತ್ರ ತುಂಬುವುದು. ಸಂಜೆಯ ಆ ಗಂಟೆಯಲ್ಲಿ ಅವನ ಜೊತೆಗೆ ಒಬ್ಬರಿರುವುದು, ಕೂಲಿಯ ಹಣವು ಹೆಂಡತಿಯ ಕೈಗೆ ಹೋಗುವುದು, ದಾರಿಯನ್ನು ಬದಲಿಸುವುದು, ಇವು ಕಿರಿದಾಗಿ ಕಂಡರೂ ಮಂಗದ ಪ್ರಯೋಗವನ್ನು ನೆನೆದರೆ ಇವುಗಳ ಬೆಲೆ ತಿಳಿಯುತ್ತದೆ. ಹಂಬಲವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್ ಮೊದಲಾದ ಔಷಧಗಳೂ ಈಗ ಇವೆ. ಅವನ್ನು ನುಂಗಿದರೆ ವ್ರತಕ್ಕೆ ಕುಂದೆಂಬ ಭಾವನೆಯು ಸರಿಯಲ್ಲ.

೨೦೧೯ರಲ್ಲಿ ಪ್ರಕಟವಾದ ಭಾರತ ಸರಕಾರದ ಸಮೀಕ್ಷೆಯಂತೆ ದೇಶದಲ್ಲಿ ಕುಡಿಯುವವರು ಸುಮಾರು ೧೬ ಕೋಟಿ. ಕುಡಿತದ ದೆಸೆಯಿಂದ ನೆರವು ಬೇಕಾದವರು ೫.೭ ಕೋಟಿ. ಮದ್ಯಕ್ಕೆ ಪೂರ್ತಿ ಅಧೀನರಾದ ಮೂವತ್ತೆಂಟು ಜನರಲ್ಲಿ ಒಬ್ಬನು ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆಯನ್ನು ಪಡೆದಿದ್ದನು. ಉಳಿದ ಮೂವತ್ತೇಳು ಜನರು ವೈದ್ಯರ ಬಳಿಗೆ ಹೋಗದಿರಲು ದುಡ್ಡಿನ ಕೊರತೆಯೊಂದೇ ಕಾರಣವಲ್ಲ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಮುಂತಾದ ಸರಕಾರಿ ಸಂಸ್ಥೆಗಳಲ್ಲಿ ಈ ಚಿಕಿತ್ಸೆ ದೊರೆಯುತ್ತದೆ. ಆದರೆ ‘ಹುಚ್ಚರ ಆಸ್ಪತ್ರೆ’ಗೆ ಹೋದನೆಂಬ ಮಾತಿಗೆ ಹೆದರಿ ಮನೆಯವರೇ ಕರೆದೊಯ್ಯುವುದಿಲ್ಲ. ಆ ಹೆದರಿಕೆಯನ್ನು ಬಿಡಿಸಲು ವೈದ್ಯರಿಗಿಂತ ಮಠಕ್ಕೆ ಹೆಚ್ಚು ಶಕ್ತಿಯುಂಟು. ಸ್ವಾಮಿಗಳವರು ಹೋಗೆಂದರೆ ಹೋಗುವವರು ಈ ನಾಡಿನಲ್ಲಿ ಎಷ್ಟೋ ಜನರಿದ್ದಾರೆ.

ಕಡೆಗೆ, ವಚನ ಮುರಿದು ಬಂದವನ ರಾತ್ರಿಯ ಮಾತು. ಅವನನ್ನು ಆ ರಾತ್ರಿ ಬೈಯುವುದರಿಂದ ಫಲವಿಲ್ಲ. ಅಮಲಿನಲ್ಲಿದ್ದವನಿಗೆ ಅದು ನೆನಪಿರದು. ಮರುದಿನ ತಿಳಿದಿರುವಾಗ ಎಲ್ಲಿ, ಯಾವ ಹೊತ್ತಿನಲ್ಲಿ, ಯಾರ ಸಂಗಡ ಬಿದ್ದನೆಂದು ಕೇಳಬೇಕು. ಅದು ಗೊತ್ತಾದರೆ ಮುಂದಿನ ಸಲ ಕಾವಲು ನಿಲ್ಲಬೇಕಾದ ಜಾಗ ಗೊತ್ತಾಯಿತು. ಹೆರಾಯಿನ್ ಮೊದಲಾದ ಅಫೀಮಿನ ಜಾತಿಯ ದ್ರವ್ಯಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಕೆಲವು ವಾರ ಬಿಟ್ಟವನ ದೇಹವು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಅವನು ಹಿಂದಿನ ಅಳತೆಯನ್ನೇ ತೆಗೆದುಕೊಂಡರೆ ಉಸಿರು ನಿಂತು ಸಾಯುವನು. ಜೈಲಿನಿಂದಲೂ ಚಿಕಿತ್ಸಾಲಯದಿಂದಲೂ ಹೊರಬಂದ ಮೊದಲ ವಾರಗಳಲ್ಲಿ ಇಂಥ ಸಾವುಗಳು ಹೆಚ್ಚು. ನಾಲೊಕ್ಸೋನ್ ಎಂಬ ಔಷಧವನ್ನು ಸಕಾಲದಲ್ಲಿ ಕೊಟ್ಟರೆ ಅದು ಆ ದ್ರವ್ಯವನ್ನು ಗ್ರಾಹಕಗಳಿಂದ ಕಿತ್ತುಹಾಕಿ ಉಸಿರನ್ನು ಮರಳಿ ತರಬಲ್ಲದು. ಆದರೆ ಅದಕ್ಕೆ ಪಕ್ಕದಲ್ಲಿ ಯಾರಾದರೂ ಇರಬೇಕು, ಅವನು ಮತ್ತೆ ಬಿದ್ದನೆಂಬುದನ್ನು ಅವರು ತಿಳಿದಿರಬೇಕು. ನಾಚಿಕೊಂಡವನು ಬಾಗಿಲು ಹಾಕಿಕೊಂಡು ಒಬ್ಬನೇ ತೆಗೆದುಕೊಳ್ಳುತ್ತಾನೆ.